ಕಲ್ಯಾಣಿ ಕೋಟೆಯ ಪಹರೆಗಾರ

ಅಷ್ಟು ಸರಿಯಾಗಿ ಹೇಳಿದ್ದೇ ಪಂಡರಿಗೆ ಮುಳುವಾಯಿತು. ಪೊಲೀಸ್ ಠಾಣೆಯ ಅಮೀನ ತುಳಜಾರಾಮನಿಗೆ ಸಂಶಯ ಹತ್ತಿತು.

1944ರ ಚಳಿಗಾಲ. ಜಪಾನಿನ ವಿಮಾನ ಕಂಡರೆ ಸುದ್ದಿ ಮುಟ್ಟಿಸಲು ಕಲ್ಯಾಣಿ ಕೋಟೆಯ ಮೇಲೆ ಒಬ್ಬ ಪಹರೆಗಾರ ಬೇಕೆಂದು ಹೈದರಾಬಾದಿನಿಂದ ಹುಕುಂ ಬಂದಿತ್ತು. ಸಂಬಳದ ಬದಲು ತಿಂಗಳಿಗೊಂದು ಚೀಲ ಜೋಳ. ಹುಕುಮಿನ ಜೊತೆಗೆ ಮರದಲ್ಲಿ ಕೆತ್ತಿದ ಮೂರು ಕರಿ ವಿಮಾನಗಳೂ ಬಂದಿದ್ದವು. ಮೂರೂ ಹಡಗಿನಿಂದ ಹಾರಿ ದಾಳಿ ಮಾಡುವಂಥವು.

ಹುಡಗಿ ಎಂಬ ಊರಿನ ಧೂಳಮ್ಮ ಎಲ್ಲರಿಗಿಂತ ಮೊದಲು ಹೆಸರು ಬರೆಸಲು ಬಂದಳು. "ಹೆಂಗಸರಿಗಿ ಇಲ್ಲ" ಎಂದು ಅಮೀನ ಅಟ್ಟಿದ. ಅವಳು ಹೋಗಿ ಗಂಡ ಪಂಡರಿಯನ್ನು ಕರೆತಂದಳು.

ಹುಮನಾಬಾದ್ ಠಾಣೆಯ ಅಂಗಳದಲ್ಲಿ ಹತ್ತು ಜನಕ್ಕೆ ಎರಡು ದಿನ ಪಾಠ ನಡೆಯಿತು. ಹಳೆಯದಕ್ಕೆ ಎರಡಂತಸ್ತಿನ ರೆಕ್ಕೆ, ಜೋತುಬಿದ್ದ ಗಾಲಿ. ಆಮೇಲಿನದಕ್ಕೆ ಒಂದೇ ಅಂತಸ್ತು, ಹಾರುವಾಗ ಗಾಲಿ ಒಳಗೆ ಮಡಚಿಕೊಳ್ಳುತ್ತದೆ. ಯುದ್ಧ ಬೆಳೆದಂತೆ ಅದೂ ಸಾಲದಾಯಿತು. ಹೊಸದಕ್ಕೆ ದೊಡ್ಡ ಎಂಜಿನ್, ಮೂರೆಲೆಯ ಬದಲು ನಾಲ್ಕೆಲೆಯ ಪಂಖ.

ಪರೀಕ್ಷೆಯಲ್ಲಿ ಒಂಬತ್ತು ಜನ ಎಲ್ಲವನ್ನೂ ಕಲಸಿಬಿಟ್ಟರು. ಪಂಡರಿ ಮಾತ್ರ ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು, ತಿರುವಿ, ಪಟಪಟ ಹೇಳಿದ.

"ಈ ಹೊಸದರ ಬಾಲ ಮುಂದಕ್ಕ ವಾಲೇದ ಸಾಹೇಬ್ರ. ಅದು ನೀವು ಹೇಳೇ ಇಲ್ಲ."

ತುಳಜಾರಾಮ ಹುಕುಮಿನ ಕೊನೆಯ ಪುಟ ತೆಗೆದ. ವಿಮಾನವನ್ನು ಹಡಗಿನೊಳಕ್ಕೆ ಇಳಿಸುವ ಲಿಫ್ಟಿನಲ್ಲಿ ಹಿಡಿಸಲೆಂದು ಹಾಗೆ ಮಾಡಿದ್ದಾರೆಂದು ಬರೆದಿತ್ತು. ಆ ಪುಟ ಅವನೇ ಓದಿರಲಿಲ್ಲ. ಕುರಿ ಕಾಯುವವನಿಗೆ ಇದೆಲ್ಲ ಹೇಗೆ ಗೊತ್ತು? ಜಪಾನಿನ ಗೂಢಚಾರನೇ?

ಪಕ್ಕ ಬಿಡದೆ ಕೂತ ಹೆಂಡತಿ ಸನ್ನೆ ಮಾಡುತ್ತಿರಬಹುದೆಂದು ಅವಳನ್ನು ಹೊರಗೆ ಕಳಿಸಿದ. ಮತ್ತೆ ಕೇಳಿದರೂ ಪಂಡರಿ ತಪ್ಪಲಿಲ್ಲ. ಹೆದರಿಸೋಣವೆಂದು ಸದ್ದಿಲ್ಲದೆ ಬೇಡಿ ತೆಗೆದು ಅವನ ಮೂಗಿನೆದುರೇ ಹಿಡಿದ. ಪಂಡರಿ ರೆಪ್ಪೆಯನ್ನೂ ಬಡಿಯಲಿಲ್ಲ. ಎಂಥ ಗುಂಡಿಗೆ!

"ಯಾರು ಹೇಳಿಕೊಟ್ಟರು? ಖರೆ ಹೇಳು, ಇಲ್ಲಾಂದ್ರ ಜೈಲಿಗಿ ಹಾಕ್ತೀನಿ."

"ಯಾರ್ ಹೇಳಾಕ ಬೇಕ್ರಿ? ನಲವತ್ತು ಕುರಿ ಅವ ನಮ್ಮವು. ಯಾವ ಮರಿ ಯಾವ ತಾಯಿದು ಅಂತ ನನಗ ಬರೋಬರ್ ಗೊತ್ತಾಗ್ತದ. ಇವು ಬರೇ ಮೂರು."

ಹಾಗೆನ್ನುವಾಗಲೂ ಅವನು ಅಮೀನನ ಮುಖ ನೋಡಲಿಲ್ಲ. ಟೋಪಿಯ ಮೇಲೆಲ್ಲೋ ನೋಡುತ್ತಿದ್ದ. ಸೊಕ್ಕು ಎಂದುಕೊಂಡ ತುಳಜಾರಾಮ. ಹುಡಗಿಯಿಂದ ಬಂದಿದ್ದ ಇಬ್ಬರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ಅಮೀನ ಯೋಚಿಸಿದ. ಗೂಢಚಾರನೆಂದರೆ ಸಾಕ್ಷಿ ಹುಡುಕಬೇಕು, ಹತ್ತು ಪುಟ ಬರೆಯಬೇಕು. ಪಹರೆಗಾರನೆಂದರೆ ನಾಲ್ಕು ಸಾಲು ಸಾಕು. ನಾಲ್ಕು ಸಾಲೇ ಬರೆದ: "ಹತ್ತು ಜನರನ್ನು ನಾನೇ ಖುದ್ದಾಗಿ ಪರೀಕ್ಷಿಸಿದೆ. ಹುಡಗಿಯ ಪಂಡರಿಯನ್ನು ನೇಮಿಸಿದ್ದೇನೆ. ಇಡೀ ಜಿಲ್ಲೆಯಲ್ಲಿ ಇಂಥ ಕಣ್ಣು ಇನ್ನೊಂದಿಲ್ಲ. ಇದಕ್ಕೆ ನಾನೇ ಜಾಮೀನು." ಸಹಿ ಹಾಕಿ, ಮೊಹರೊತ್ತಿ, ಹೈದರಾಬಾದಿನ ಬಸ್ಸಿಗೆ ಟಪಾಲು ಹತ್ತಿಸಿ ಬಂದ. ಮೀಸೆ ತೀಡಿಕೊಂಡು ಗಂಡಹೆಂಡಿರನ್ನು ಒಳಗೆ ಕರೆದ.

"ನಾಳೆಯಿಂದ ಕಲ್ಯಾಣಿ ಕೋಟೆ ಮ್ಯಾಲ ನಿಂದೇ ಪಹರೆ. ತಗೋ, ಸರಕಾರಿ ದುರ್ಬೀನು."

ಪಂಡರಿ ಕೈ ಚಾಚಲಿಲ್ಲ. ಧೂಳಮ್ಮ ಮುಂದೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಂಡು ಚಾಚಿದಳು.

"ಅದು ನನ್ನ ಕೈಯಾಗ ಕೊಡ್ರಿ ಸಾಹೇಬ್ರ. ಅವ್ರಿಗಿ ಹುಟ್ಟಿದಾಗಿಂದ ಕಣ್ಣ ಕಾಣಂಗಿಲ್ರಿ."