ಮೂರನೇ ಕೂಗು

"ಆ ಸಾಲು ಹೊಡೆದು ಹಾಕು ಅಂದ್ರೆ ಹೊಡೆದು ಹಾಕು. ನಾನೇನು ಬಂಗಾಳಿಯಲ್ಲಿ ಹೇಳಿದ್ನಾ?" ದೇವೇಂದ್ರ ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದರು. ಬಂಗಾಳದ ಗಾರ್ಡನ್ ರೀಚ್‌ನ ನದಿ ದಡದಲ್ಲಿ ಎದ್ದ ಹೊಸ ಫ್ಲ್ಯಾಟುಗಳಿಗೆ ಬರುವ ಕನ್ನಡಿಗರಿಗಾಗಿ ಸಮೀಕ್ಷಾ ಒಂದು ಕೈಪಿಡಿ ಬರೆದಿದ್ದಳು. ದೇವೇಂದ್ರ ಮೂವತ್ತು ವರ್ಷದಿಂದ ಅಲ್ಲೇ ಇರುವ ಕನ್ನಡದವರೆಂದು ಅದನ್ನು ತಿದ್ದಿಸಲು ಅವರ ಮನೆಗೆ ತಂದಿದ್ದಳು.

"ಅಂಕಲ್, ಜನ ಇಷ್ಟಪಡೋದೇ ಅದನ್ನ," ಎನ್ನುತ್ತ ಅವಳು ಓದಿದಳು: "ಮುಸ್ಸಂಜೆ ನದಿಗಿಳಿಯುವ ಮೆಟ್ಟಿಲಿನ ಘಾಟಿನ ಕಡೆಯಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಓಗೊಡಬೇಡಿ. ದೆವ್ವ ಎರಡೇ ಸಲ ಕೂಗುತ್ತದೆ. ಮೂರನೇ ಕೂಗು ಮನುಷ್ಯರದು." ಆಮೇಲೆ ನಕ್ಕಳು. "ನಿಮ್ಮನ್ನೂ ಮೂರು ಸಲ ಕರೀಬೇಕಿತ್ತಂತೆ. ಟೀ ಅಂಗಡಿಯವನು ಹೇಳ್ದ, ನೀವು ಬಂಗಾಳಿಗಳಿಗಿಂತ ಹೆಚ್ಚು ಬಂಗಾಳಿಯಂತೆ."

"ಹೌದು, ಹಾಗೇ ಇದ್ದೆ. ನನ್ನ ಹೆಂಡತಿ ಕೃಷ್ಣವೇಣಿ ಒಂದು ಸಂಜೆ ಘಾಟಿಗೆ ದೀಪ ಬಿಡೋಕೆ ಹೋಗಿದ್ಲು. ನಾನು ಇದೇ ಕುರ್ಚಿಯಲ್ಲಿದ್ದೆ. ಹದಿನೆಂಟು ವರ್ಷ ನನ್ನ 'ರೀ' ಅಂತಲೇ ಕರೆದವಳು ಅವಳು. ಅವತ್ತು ಎರಡು ಸಲ 'ದೇವೇಂದ್ರ' ಅಂತ ಕೂಗಿದ್ಲು. ಹೆಸರು ಹಿಡಿದು ಕೂಗೋದು ಅವಳಲ್ಲ, ದೆವ್ವ ಅಂದ್ಕೊಂಡು ಮೂರನೇ ಕೂಗಿಗೆ ಕಾದೆ. ಅಷ್ಟರಲ್ಲಿ ಅವಳನ್ನ ನೀರು ಎಳ್ಕೊಂಡು ಹೋಗಿತ್ತು."

ಸಮೀಕ್ಷಾ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದಳು. ದೇವೇಂದ್ರ ಅದನ್ನು ನೋಡಲಿಲ್ಲ. ಅವರ ಮುಖ ನದಿಯ ಕಡೆಯ ಕಿಟಕಿಗೆ ತಿರುಗಿತ್ತು. "ಬಂದೆ ಕಣೇ," ಎಂದರು, ತೀರಾ ಮೆತ್ತಗೆ. ಸಮೀಕ್ಷಾಗೆ ಯಾವ ಕೂಗೂ ಕೇಳಿಸಿರಲಿಲ್ಲ. ಅವರು ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಹೋದರು. ಎದುರಿನ ಹೊಸ ಫ್ಲ್ಯಾಟುಗಳಲ್ಲಿ ಒಂದೊಂದಾಗಿ ದೀಪ ಹತ್ತುವವರೆಗೂ ಸಮೀಕ್ಷಾ ಅಲ್ಲೇ ಕೂತಿದ್ದಳು. ಅವರು ವಾಪಸು ಬರಲಿಲ್ಲ.