ಪೊಟರೆಗೆ ಸಿಮೆಂಟು

ಆಟೋದಿಂದ ಇಳಿದ ಕಾಶಿಬಾಯಿ ಕೈಯಲ್ಲಿ ಚೀಲ ಹಿಡಿದುಕೊಂಡೇ ಬೇವಿನ ಮರದೆದುರು ನಿಂತುಬಿಟ್ಟರು. ಬಿರುಗಾಳಿಗೆ ದೊಡ್ಡ ಕೊಂಬೆ ಮುರಿದ ಕಡೆ, ಕಾಂಡದ ಪೊಟರೆ ಇರಬೇಕಾದಲ್ಲಿ, ಬೂದುಬಣ್ಣದ ಹಸಿ ಸಿಮೆಂಟು ಇತ್ತು. ಮೇಲೆ ಕರಣೆ ಎಳೆದ ಗೆರೆಗಳು.

"ಹೇ ಕಾಯ? ಇದೇನು? ಇದು ಯಾರು ಹೇಳಿದರು?"

"ನೀವs ಹೇಳಿದ್ರೆಲ್ಲರೀ ಕಾಕು, ನಿನ್ನೆ ಫೋನಿನಾಗ," ಬಿಂದುಮಾಧವನ ದನಿ ಇಳಿಯಿತು. ಧಾರವಾಡದಿಂದ ನಾಸಿಕ್ ರೋಡಿನ ಬ್ಯಾಂಕಿಗೆ ವರ್ಗವಾಗಿ ಬಂದು ಆಕೆಯ ಮನೆಯಲ್ಲಿ ಬಾಡಿಗೆಗಿದ್ದವನು ಅವನು. ತೀರಿಹೋದ ಗಂಡ ನೆಟ್ಟ ಆ ಮರವನ್ನು ಅವನಿಗೊಪ್ಪಿಸಿ ಆಕೆ ಮಗಳನ್ನು ನೋಡಲು ಔರಂಗಾಬಾದಿಗೆ ಹೋಗಿದ್ದರು. "ಸಿಮೆಂಟು ಹಾಕಸ್ಲೇನು ಅಂತ ಕೇಳಿದೆ. 'ತುಂಬಾ, ತುಂಬಾ' ಅಂತ ಎರಡ ಸಲ ಒದರಿದ್ರಿ."

"ಮೀ 'ಥಾಂಬಾ' ಮ್ಹಣಾಲೆ! ಥಾಂಬಾ! ನಿಲ್ಲು, ನಾ ಬರ್ತೇನೆ, ನಿಲ್ಲು!"

ಬಿಂದುಮಾಧವನ ಹೆಂಡತಿ ಅಂಬುಜಾ ಸೆರಗನ್ನು ಬಾಯಿಗೊತ್ತಿಕೊಂಡಳು. ಆ ಬೇವಿನ ನೆರಳಿನಲ್ಲೇ, ಸಂಜೆಗಳಲ್ಲಿ ಸೊಪ್ಪು ಸೋಸುತ್ತ, ಕಾಕುಗೆ ಕನ್ನಡ ಕಲಿಸಿದವಳು ಅವಳೇ. ಕಲಿತ ಆ ಕನ್ನಡಕ್ಕೆ ಇನ್ನೂ ಗೌರವದ 'ರಿ' ಅಂಟಿರಲಿಲ್ಲ. ಆದ್ದರಿಂದಲೇ ಟ್ರಂಕ್ ಕಾಲಿನ ಗೊರಗೊರದಲ್ಲಿ ತೇಲಿಬಂದ ಮರಾಠಿಯ 'ನಿಲ್ಲಿ'ಯನ್ನು ಬಿಂದುಮಾಧವ, ಕಾಕು ಅಕ್ಕರೆಯಿಂದ 'ತುಂಬು' ಎಂದು ಆಡಿದ ಕನ್ನಡವೆಂದೇ ನಂಬಿದ್ದ. ಅಷ್ಟು ದೂರದ ತಂತಿಯಲ್ಲಿ ತನ್ನ ನುಡಿ ಕೇಳಿಸಿತೆಂಬ ಹಿಗ್ಗಿನಲ್ಲಿ ಮರುಪ್ರಶ್ನೆ ಹುಟ್ಟಿರಲಿಲ್ಲ.

ಸಲಹೆ ಕೊಟ್ಟವನೂ ಸಿಮೆಂಟು ಮೆತ್ತಿದವನೂ ಒಬ್ಬನೇ: ಆಳಂದದ ಕಡೆಯ ಕಟ್ಟಡ ಗುತ್ತಿಗೆದಾರ ರೇವಣಪ್ಪ. ಅಲ್ಲೇ ಕರಣೆ ತೊಳೆಯುತ್ತಿದ್ದ ಅವನು ಸೋಲಲಿಲ್ಲ. "ಹುಳುಕ ಹಲ್ಲಿಗಿ ಡಾಕ್ಟರ್ ತುಂಬಂಗಿಲ್ಲೇನ್ರಿ ಬಾಯೇರ? ಇದೂ ಹಂಗೇ. ನೂರು ವರ್ಷ ಅಲುಗಂಗಿಲ್ಲ."

"ತೇಚ ತರ, ಅದೇ ಮತ್ತೆ! ಸಿಮೆಂಟು ಅಲುಗೂದಿಲ್ಲ, ಮರ ಅಲುಗ್ತದ. ನಡುವೆ ಸಂದು ಬೀಳ್ತದ. ನೀರು ಒಳಗೆ ಹೋಗ್ತದ, ಹೊರಗೆ ಬರೂದಿಲ್ಲ. ಹಿತ್ತಲಲ್ಲಿ ಇದರ ಜೋಡಿ ಮರ ಇತ್ತು. ನಮ್ಮ 'ಇವರು' ಹಿಂಗೇ ತುಂಬಿಸಿದರು. ಮೂರನೇ ಮಳೆಗಾಲಕ್ಕೆ ಮರ ಬಿತ್ತು. ಸಿಮೆಂಟು ಮಾತ್ರ ನಿಂತಿತ್ತು, ಪಿಂಡೀ ಹಾಗೆ, ಶಿವನ ಪಿಂಡೀ, ನಿಮ್ಮ ಲಿಂಗ."

ರೇವಣಪ್ಪ ಕೊರಳ ಲಿಂಗವನ್ನು ಮುಟ್ಟಿಕೊಂಡ. ಆಮೇಲೆ ಉಳಿ ತಂದ. "ಇನ್ನಾ ಹಸೀ ಅದ. ನಾ ಕಟ್ಟಿದ್ದು ನಾನೇ ಕೆಡವೂದು ಇದೇ ಮೊದಲ್ರೀ."

"ಅಂಚಿನ ತೊಗಟೆಗೆ ಉಳಿ ತಾಗಿಸಬೇಡ. ಗಾಯ ಮುಚ್ಚಿಕೊಂಡರೆ ಅಲ್ಲಿಂದಲೇ ಮುಚ್ಚಿಕೊಳ್ಳಬೇಕು," ಎನ್ನುತ್ತ ಕಾಶಿಬಾಯಿ ಅವನ ಕೈಯ ಪಕ್ಕದಲ್ಲೇ ನಿಂತರು.

ಪೊಟರೆ ಮತ್ತೆ ಬಾಯಿ ತೆರೆದಾಗ ಆಕಾಶ ಕಪ್ಪಾಗಿತ್ತು. ರೇವಣಪ್ಪ ಡಾಂಬರು ಬಳಿಯೋಣವೆಂದ. ಅಂಬುಜಾ ಅರಿಶಿನವೆಂದಳು. ಕಾಶಿಬಾಯಿ ಎರಡಕ್ಕೂ ತಲೆಯಾಡಿಸಿ ಬೇಡವೆಂದರು.

"ಬದುಕ್ತದೇನ್ರೀ ಕಾಕು?" ಬಿಂದುಮಾಧವ ಕೇಳಿದ.

"ಗೊತ್ತಿಲ್ಲ."

"ಏನರೆ ಹಚ್ಚೂಣಲ್ರೀ. ಹಿಂಗs ಬಿಟ್ರ ಹೆಂಗ?"

"ಔಷಧ ನಿಮಗೇ ಬೇಕಾಗಿದೆ ಬಿಂದೂರಾವ್. ಅಂಬುಜಾ, ಚಹಾ ಇಡು."

ಎಷ್ಟೋ ವರ್ಗಾವಣೆಗಳ ಆಚೆಯಿಂದ ನಾಸಿಕ್ ರೋಡನ್ನು ನೆನೆದಾಗ ಬಿಂದುಮಾಧವನಿಗೆ ಮೊದಲು ಕೇಳಿಸುವುದು ಆಮೇಲೆ ಬಂದ ಮಳೆಯ ಸದ್ದು. ನಾಲ್ವರೂ ಪಡಸಾಲೆಯಲ್ಲಿ, ಕೈಯಲ್ಲಿ ಚಹಾದ ಬಸಿ ಹಿಡಿದು ನಿಂತಿದ್ದರು. ಪೊಟರೆಗೆ ನುಗ್ಗಿದ ನೀರು ಒಳಗಿನ ಕತ್ತಲಲ್ಲಿ ಏನನ್ನೋ ತಡಕಾಡಿ, ಬುಡದ ಬಳಿಯ ಸಣ್ಣ ಸೀಳೊಂದರಿಂದ ಕಂದುಬಣ್ಣಕ್ಕೆ ತಿರುಗಿ ಹೊರಗೆ ಹರಿಯತೊಡಗಿತು.

ರೇವಣಪ್ಪ ಬಸಿಯನ್ನು ತುಟಿಯವರೆಗೂ ತಂದವನು ಅಲ್ಲಿಯೇ ತಡೆದ.

"ಅಲೆಲೆ! ಮೋರಿ ಮೊದಲೇ ಬಿಟ್ಕೊಂಡು ನಿಂತದಲ್ರೀ ಇದು."