ತೆನೆಯ ಪಾಲು

ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಶಾಲೆಯ ಮಕ್ಕಳೆಲ್ಲ ಮೂರ್ತಿಗೆ ಹೂ ಹಾಕಿ ಸಾಲಾಗಿ ನಿಂತಿದ್ದರು. ಪಾದ್ರಿಗಳು ಆಶೀರ್ವದಿಸಿದ ಹೊಸ ತೆನೆಗಳನ್ನು ಟೀಚರ್ ಹಂಚುತ್ತಿದ್ದರು. ಮನೆಯಲ್ಲಿ ಎಷ್ಟು ಜನರೋ ಅಷ್ಟು ತೆನೆ. ದೂರದ ಊರಿನಲ್ಲಿರುವವರಿಗೂ ಪಾಲುಂಟು, ತೀರಿಹೋದವರಿಗೆ ಮಾತ್ರ ಇಲ್ಲ.

ಮೂರನೇ ಕ್ಲಾಸಿನ ಹುಡುಗಿಯ ಸರದಿ ಬಂತು. ಅವಳ ತಂದೆ ಮೀನಿನ ಬೋಟಿನೊಂದಿಗೆ ಕಡಲಲ್ಲಿ ಕಾಣೆಯಾಗಿ ಎರಡು ವರ್ಷವಾಗಿತ್ತು. ಶವ ಸಿಕ್ಕಿರಲಿಲ್ಲ. ಅಜ್ಜಿ, ಮಮ್ಮಿ, ಪಪ್ಪ, ತಾನು ಎಂದು ಅವಳು ಪ್ರತಿ ಸಲವೂ ನಾಲ್ಕು ತೆನೆ ಕೇಳುತ್ತಿದ್ದಳು.

"ಮೀನಿನ ಹೊಟ್ಟೆಗೆ ತೆನೆ ಕೊಂಡುಹೋಗುವುದು ಯಾರು ಮಾರಾಯ್ತಿ?" ಹಿಂದೆ ನಿಂತವಳು ಕಿಸಕ್ಕನೆ ನಕ್ಕಳು.

ಟೀಚರ್ ಅವಳನ್ನು ಗದರಿಸಿ ನಾಲ್ಕು ತೆನೆ ಎತ್ತಿಕೊಂಡರು.

"ಮೂರು ಸಾಕು ಟೀಚರ್" ಎಂದಳು ಹುಡುಗಿ.

ಟೀಚರ್ ಅವಳತ್ತ ಬಗ್ಗಿದರು. ಹೋದ ತಿಂಗಳು ಹುಡುಗಿಯ ತಾಯಿಯನ್ನು ಪಕ್ಕಕ್ಕೆ ಕರೆದು, "ಎಷ್ಟೂಂತ ಕಾಯ್ತೀರಿ? ಅವರ ಆತ್ಮಶಾಂತಿಗೆ ಚರ್ಚಿನಲ್ಲೊಂದು ಪೂಜೆ ಕೊಡಿ. ನೀವೂ ಸ್ವಲ್ಪ ಬದುಕಿ" ಎಂದು ಹೇಳಿದ್ದು ಅವರೇ.

"ಮಮ್ಮಿ ಪೂಜೆ ಕೊಟ್ರಾ?"

"ಹೌದು ಟೀಚರ್. ಮೊನ್ನೆ ಆದಿತ್ಯವಾರ."

"ಒಳ್ಳೆಯದಾಯ್ತು ಮಗಾ. ಪಪ್ಪ ಈಗ ದೇವರ ಹತ್ತಿರ ಇದ್ದಾರೆ." ಟೀಚರ್ ಒಂದು ತೆನೆಯನ್ನು ಬುಟ್ಟಿಗೆ ವಾಪಸು ಹಾಕಿದರು.

ಹುಡುಗಿ ಸುತ್ತ ನೋಡಿ ದನಿ ತಗ್ಗಿಸಿದಳು.

"ಪಪ್ಪಂದು ಬೇಕು ಟೀಚರ್. ಪೂಜೆ ಕೊಟ್ಟ ದಿನವೇ ಅಜ್ಜಿ, 'ನನ್ನ ಮಗ ಸತ್ತಿಲ್ಲ' ಅಂತ ಹೇಳಿ ಮಮ್ಮಿಯನ್ನು ಮನೆಯಿಂದ ಹೊರಗೆ ಹಾಕಿದ್ರು. ಬೇಡದ್ದು ಮಮ್ಮಿದು."